ಅರ್ಹತೆಯ ಅಳುಕು ಮತ್ತು ನಿಜವಾದ ವಿನಯ

ಮನುಷ್ಯನು ತನ್ನನ್ನು ತಾನು ಹೇಗೆ ಅಳೆದುಕೊಳ್ಳಬೇಕು ಎಂಬುದು ನೀತಿವಿಚಾರದ ಹಳೆಯ ಪ್ರಶ್ನೆ. ಈ ಅಳತೆಯಲ್ಲಿ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ಇರುವುದಕ್ಕಿಂತ ಹೆಚ್ಚೆಂದು ಬಗೆಯುವುದು ಒಂದು. ಇರುವುದಕ್ಕಿಂತ ಕಡಿಮೆಯೆಂದು ಬಗೆಯುವುದು ಇನ್ನೊಂದು. ಮೊದಲನೆಯ ತಪ್ಪಿನ ಬಗ್ಗೆ ಆಚಾರ್ಯರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂದು ಎಂಟು ಮದಗಳನ್ನು ಎಣಿಸುತ್ತದೆ. ಬಸದಿಯ ಮುಂದೆ ಮಾನಸ್ತಂಭ ನಿಂತಿರುವುದು ಒಳಗೆ ಬರುವವನ ಮಾನಕಷಾಯ ಹೊರಗೇ ಕರಗಲಿ ಎಂದು. ಎರಡನೆಯ ತಪ್ಪಿನ ಬಗ್ಗೆ ಅಷ್ಟು ಮಾತಿಲ್ಲ. ಅದು ಸದ್ಗುಣದ ಉಡುಪಿನಲ್ಲಿ ಬರುವುದೇ ಇದಕ್ಕೆ ಕಾರಣ. ತನ್ನನ್ನು ಕೀಳೆಂದುಕೊಳ್ಳುವವನನ್ನು ಲೋಕವು ವಿನಯವಂತನೆಂದು ಕರೆದು ಸುಮ್ಮನಾಗುತ್ತದೆ. ಅವನ ಒಳಗೆ ನಡೆಯುತ್ತಿರುವುದು ವಿನಯವೇ, ಅಥವಾ ವಿನಯದಂತೆ ಕಾಣುವ ಬೇರೇನೋ ಎಂದು ವಿಚಾರಿಸುವವರು ವಿರಳ.

ಓದು, ಉದ್ಯೋಗ, ಬಡ್ತಿಗಳಿಂದಲೇ ಬದುಕು ಅಳೆಯಲ್ಪಡುವ ಈ ಕಾಲದಲ್ಲಿ ಆ ವಿಚಾರಣೆ ಅಗತ್ಯವಾಗಿದೆ. ಉದಾಹರಣೆಗಾಗಿ ಒಬ್ಬ ತರುಣಿಯನ್ನು ಊಹಿಸಿಕೊಳ್ಳಬಹುದು. ತಂದೆ ಸಣ್ಣ ಊರೊಂದರಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮಗಳು ಓದಿ, ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ, ಬೆಂಗಳೂರಿನ ದೊಡ್ಡ ಸಂಸ್ಥೆಯೊಂದನ್ನು ಸೇರಿದ್ದಾಳೆ. ಲೆಕ್ಕಪರಿಶೋಧನೆಯಲ್ಲಿ ಯಾರ ಗಮನಕ್ಕೂ ಬಾರದ ತಪ್ಪನ್ನು ಅವಳು ಹಿಡಿದರೆ, “ಹೇಗೋ ಕಣ್ಣಿಗೆ ಬಿತ್ತು” ಎನ್ನುತ್ತಾಳೆ. ಬಡ್ತಿ ದೊರೆತರೆ, “ಬೇರೆ ಯಾರೂ ಸಿಕ್ಕಿರಲಿಲ್ಲ” ಎಂದುಕೊಳ್ಳುತ್ತಾಳೆ. ಸಭೆಯಲ್ಲಿ ಒಂದು ವಿಷಯ ಅರ್ಥವಾಗದಿದ್ದರೆ, ಅದು ತನ್ನೊಬ್ಬಳಿಗೇ ಅರ್ಥವಾಗಿಲ್ಲವೆಂದು ತಿಳಿದು ಬಾಯಿ ಮುಚ್ಚಿ ಕುಳಿತಿರುತ್ತಾಳೆ. ಎಲ್ಲಿಯಾದರೂ ಸಣ್ಣ ತಪ್ಪಾದಾಗ ಮಾತ್ರ ಅವಳಿಗೆ ಸಂದೇಹವೇ ಇಲ್ಲ: “ನನ್ನ ನಿಜರೂಪ ಈಗ ಹೊರಬಿತ್ತು.” ಹೀಗೆ ಗಳಿಕೆಯೆಲ್ಲ ಅದೃಷ್ಟದ ಖಾತೆಗೆ, ನಷ್ಟವೆಲ್ಲ ತನ್ನ ಖಾತೆಗೆ. ಬೇರೊಬ್ಬರ ಪುಸ್ತಕದಲ್ಲಿ ಇಂಥ ಜಮಾಖರ್ಚು ಕಂಡಿದ್ದರೆ ಅವಳು ಅದಕ್ಕೆ ಸಹಿ ಹಾಕುತ್ತಿರಲಿಲ್ಲ.

ಹೆಸರು ಬಂದ ಬಗೆ

ಈ ಮನಃಸ್ಥಿತಿಗೆ ಹೆಸರು ದೊರೆತದ್ದು 1978ರಲ್ಲಿ. ಅಮೆರಿಕದ ಜಾರ್ಜಿಯಾ ರಾಜ್ಯದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, ವಿದ್ಯೆಯಲ್ಲಿಯೂ ವೃತ್ತಿಯಲ್ಲಿಯೂ ಮೇಲುಮಟ್ಟ ಮುಟ್ಟಿದ್ದ 150ಕ್ಕೂ ಹೆಚ್ಚು ಮಹಿಳೆಯರೊಡನೆ ಪಡೆದ ಅನುಭವವನ್ನು ಒಂದು ಪ್ರಬಂಧದಲ್ಲಿ ಮಂಡಿಸಿದರು. ಪದವಿಗಳಿದ್ದರೂ, ಸಹೋದ್ಯೋಗಿಗಳ ಮನ್ನಣೆಯಿದ್ದರೂ, ಇವರು ತಮ್ಮನ್ನು ಸೋಗುಗಾರರೆಂದೇ ನಂಬಿದ್ದರು. ಇತರರು ಮೋಸಹೋಗಿದ್ದಾರೆ, ಒಂದು ದಿನ ಗುಟ್ಟು ರಟ್ಟಾಗುತ್ತದೆ ಎಂದು ಅಂಜುತ್ತಿದ್ದರು. ಲೇಖಕಿಯರು ಇದನ್ನು ‘ಇಂಪೋಸ್ಟರ್ ಫಿನಾಮಿನನ್’ ಎಂದರು. ಜನರ ಬಾಯಲ್ಲಿ ಅದು ‘ಇಂಪೋಸ್ಟರ್ ಸಿಂಡ್ರೋಮ್’ ಆಯಿತು. ಸಿಂಡ್ರೋಮ್ ಎಂಬ ಮಾತು ರೋಗವನ್ನು ನೆನಪಿಸುತ್ತದೆ. ಆದರೆ ಮನೋವೈದ್ಯರು ಬಳಸುವ ಅಧಿಕೃತ ರೋಗಪಟ್ಟಿಗಳಲ್ಲಿ ಇದು ಇಲ್ಲ. ಕನ್ನಡದಲ್ಲಿ ಇದನ್ನು ಅರ್ಹತೆಯ ಅಳುಕು ಎನ್ನಬಹುದು.

ಮೊದಲು ಇದು ಮಹಿಳೆಯರಿಗೆ ಸಂಬಂಧಿಸಿದ್ದೆಂದು ತೋರಿದರೂ, ಮುಂದಿನ ಅಧ್ಯಯನಗಳಲ್ಲಿ ಪುರುಷರಲ್ಲಿಯೂ ಕಂಡುಬಂದಿತು. 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 62 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ 14,161 ಜನರನ್ನು ಒಟ್ಟಾಗಿ ಪರಿಶೀಲಿಸಿತು. ಅಳೆಯುವ ವಿಧಾನವನ್ನು ಅನುಸರಿಸಿ ಈ ಅಳುಕಿನ ಪ್ರಮಾಣ ನೂರಕ್ಕೆ 9ರಿಂದ 82ರವರೆಗೆ ವ್ಯತ್ಯಾಸವಾಗುತ್ತಿತ್ತು. ಇಷ್ಟು ಅಗಲವಾದ ಅಂತರವು ಅಳತೆಗೋಲು ಇನ್ನೂ ಸ್ಥಿರವಾಗಿಲ್ಲವೆಂಬುದನ್ನು ತಿಳಿಸುತ್ತದೆ. ಆದರೂ ಇದು ಅಪರೂಪದ ಅನುಭವವಲ್ಲ ಎಂಬಷ್ಟು ಸ್ಪಷ್ಟ.

ಈ ಅಳುಕು ಅನುಭವದಿಂದಲೂ ಕರಗದಿರುವ ಬಗೆಯನ್ನು ಕ್ಲಾನ್ಸ್ ವಿವರಿಸಿದ್ದಾರೆ. ಹೊಸ ಕೆಲಸ ಬಂದೊಡನೆ ಅಳುಕು ಏಳುತ್ತದೆ. ಅಳುಕಿದವನು ಅಗತ್ಯಕ್ಕಿಂತ ಬಹಳ ಹೆಚ್ಚು ಸಿದ್ಧತೆ ಮಾಡುತ್ತಾನೆ, ಅಥವಾ ಮುಂದೂಡಿ ಮುಂದೂಡಿ ಕೊನೆಗೆ ಧಾವಂತದಲ್ಲಿ ಮುಗಿಸುತ್ತಾನೆ. ಕೆಲಸ ಕೈಗೂಡಿದರೆ ಮೊದಲನೆಯವನು “ಹಗಲಿರುಳು ದುಡಿದದ್ದರಿಂದ ಆಯಿತು, ನನ್ನಲ್ಲಿ ಶಕ್ತಿಯಿಲ್ಲ” ಎನ್ನುತ್ತಾನೆ. ಎರಡನೆಯವನು “ಅದೃಷ್ಟದಿಂದ ಆಯಿತು” ಎನ್ನುತ್ತಾನೆ. ಎರಡು ದಾರಿಯಲ್ಲಿಯೂ ಗೆಲುವು ಅವನ ಮನಸ್ಸಿನೊಳಗೆ ಪ್ರವೇಶಿಸುವುದೇ ಇಲ್ಲ. ಆದುದರಿಂದ ಮುಂದಿನ ಕೆಲಸದ ಹೊಸ್ತಿಲಲ್ಲಿ ಅದೇ ಅಳುಕು ಮತ್ತೆ ಕಾದಿರುತ್ತದೆ.

ದೊಡ್ಡ ಮನ್ನಣೆ ದೊರೆತರೂ ಇದು ಹೋಗುವುದೆಂಬ ಭರವಸೆಯಿಲ್ಲ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1938ರಲ್ಲಿ ತನ್ನ ಪ್ರಸಿದ್ಧ ಕಾದಂಬರಿ ‘ದಿ ಗ್ರೇಪ್ಸ್ ಆಫ್ ರ‍್ಯಾತ್’ ಬರೆಯುತ್ತಿದ್ದಾಗ, ತಾನು ಲೇಖಕನೇ ಅಲ್ಲ, ತನ್ನನ್ನೂ ಜನರನ್ನೂ ವಂಚಿಸುತ್ತಿದ್ದೇನೆ ಎಂಬ ಭಾವವನ್ನು ದಿನಚರಿಯಲ್ಲಿ ಗುರುತಿಸಿಕೊಂಡಿದ್ದ. ಕಾದಂಬರಿ 1939ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. 1962ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ, ಅದಕ್ಕೆ ತಾನು ಅರ್ಹನೇ ಎಂದು ಕೇಳಿದ ಪತ್ರಕರ್ತರಿಗೆ ಆತ ಇಲ್ಲವೆಂದೇ ಉತ್ತರಿಸಿದ. ಆದರೆ ಸಂದೇಹವಿದ್ದಾಗಲೂ ಅವನು ಲೇಖನಿಯನ್ನು ಕೆಳಗಿಡಲಿಲ್ಲ ಎಂಬುದು ಮುಖ್ಯ. ದಿನಚರಿಯ ಆ ಪುಟದ ಮುಂದಿನ ಪುಟಗಳಲ್ಲಿ ಅಂದಂದಿನ ಬರವಣಿಗೆಯ ಲೆಕ್ಕ ಮುಂದುವರಿಯುತ್ತದೆ.

ಇದು ವಿನಯವೇ?

ದಶಲಕ್ಷಣ ಧರ್ಮದಲ್ಲಿ ಮಾರ್ದವದ ನಂತರ ಬರುವುದು ಆರ್ಜವ. ಮಾರ್ದವವು ಮಾನದ ಗಡಸುತನವನ್ನು ಕರಗಿಸುತ್ತದೆ. ಆರ್ಜವವು ಒಳಗು ಹೊರಗು ಒಂದಾಗಿರುವ ನೇರತನ. ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ವಿನಯದ ಸ್ವರೂಪ ತಿಳಿಯಾಗುತ್ತದೆ. ಸತ್ಯವನ್ನು ಬಿಟ್ಟ ವಿನಯ ವಿನಯವಲ್ಲ. ಹತ್ತು ಕೊಳಗ ಧಾನ್ಯವನ್ನು ಹನ್ನೆರಡೆಂದು ಹೇಳುವುದು ಸುಳ್ಳಾದರೆ, ಎಂಟೆಂದು ಹೇಳುವುದೂ ಸುಳ್ಳೇ. ವಿನಯವಂತನು ತನ್ನ ಹತ್ತನ್ನು ಹತ್ತೆಂದೇ ತಿಳಿದು, ಅದರ ಹಿಂದೆ ಇರುವ ಗುರು, ತಂದೆತಾಯಿ, ಸಹವರ್ತಿಗಳ ಪಾಲನ್ನು ಸ್ಮರಿಸಿ, ಇನ್ನೂ ತುಂಬಬೇಕಾದ ಕಣಜದ ಕಡೆಗೆ ನೋಡುತ್ತಾನೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಕೊಡ ತಾನು ಖಾಲಿಯೆಂದು ಹೇಳಿಕೊಳ್ಳುವುದೂ ಇಲ್ಲ.

ಅರ್ಹತೆಯ ಅಳುಕಿನಲ್ಲಿ ಮೂರು ದೋಷಗಳು ಅಡಗಿವೆ. ಮೊದಲನೆಯದಾಗಿ, ಅಳುಕಿದವನ ಲಕ್ಷ್ಯವೆಲ್ಲ ತನ್ನ ಮೇಲೆಯೇ ಇರುತ್ತದೆ. “ನನ್ನ ಬಗ್ಗೆ ಏನೆಂದುಕೊಂಡರು, ನಾನು ಹೇಗೆ ಕಂಡೆ” ಎಂಬ ಚಿಂತೆಯಲ್ಲಿ ಮುಳುಗಿದವನಿಗೆ ಎದುರಿಗಿರುವ ರೋಗಿ, ವಿದ್ಯಾರ್ಥಿ, ಗಿರಾಕಿ ಕಾಣುವುದಿಲ್ಲ. ಅಹಂಕಾರಿಯ ಕೈಯಲ್ಲಿರುವ ಕನ್ನಡಿಯೇ ಇವನ ಕೈಯಲ್ಲಿಯೂ ಇದೆ. ಅವನು ಮೆಚ್ಚಿ ನೋಡುತ್ತಾನೆ, ಇವನು ಹೆದರಿ ನೋಡುತ್ತಾನೆ. ಎರಡನೆಯದಾಗಿ, ಇದು ಇತರರ ವಿವೇಕವನ್ನು ಕಡೆಗಣಿಸುತ್ತದೆ. ಪಾಠ ಹೇಳಿದವರು, ಪರೀಕ್ಷಿಸಿದವರು, ಕೆಲಸ ಕೊಟ್ಟವರು, ವರ್ಷಗಟ್ಟಲೆ ಜೊತೆಯಲ್ಲಿ ದುಡಿದವರು ಎಲ್ಲರೂ ಮೋಸಹೋದರು, ತಾನೊಬ್ಬನೇ ನಿಜವನ್ನು ಬಲ್ಲೆ ಎಂಬ ನಂಬಿಕೆಯಲ್ಲಿ ವಿನಯಕ್ಕೆ ಜಾಗವೆಲ್ಲಿ? ಮೂರನೆಯದಾಗಿ, ಇದು ಮುಚ್ಚಿಡುವುದನ್ನು ಕಲಿಸುತ್ತದೆ. ಗುಟ್ಟು ರಟ್ಟಾದೀತೆಂಬ ಭಯದಿಂದ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ನಟಿಸಬೇಕಾಗುತ್ತದೆ, ಆದ ತಪ್ಪನ್ನು ಮರೆಮಾಡಬೇಕಾಗುತ್ತದೆ. ಸೋಗುಗಾರನಲ್ಲದವನು ಸೋಗಿನ ಭಯದಿಂದಲೇ ಸೋಗು ಹಾಕತೊಡಗುತ್ತಾನೆ. ಇಲ್ಲಿಗೆ ಬಂದಾಗ ಇದು ಕೇವಲ ಮನಸ್ಸಿನ ದೌರ್ಬಲ್ಯವಾಗಿ ಉಳಿಯದೆ, ಮಾಯಾಕಷಾಯದ ಬಾಗಿಲನ್ನು ತಟ್ಟುವ ನೈತಿಕ ಪ್ರಶ್ನೆಯಾಗುತ್ತದೆ.

ಎಲ್ಲರೂ ಛದ್ಮಸ್ಥರೇ

ಅಳುಕಿನ ಬೇರಿನಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಇತರರಿಗೆ ಎಲ್ಲವೂ ತಿಳಿದಿದೆ, ತನಗೆ ಮಾತ್ರ ಇಲ್ಲ ಎಂಬುದು. ಕೇವಲಜ್ಞಾನ ಉದಯಿಸುವವರೆಗೆ ಪ್ರತಿಯೊಂದು ಜೀವವೂ ಛದ್ಮಸ್ಥವೆಂಬುದು ಸಿದ್ಧಾಂತ. ಜ್ಞಾನಾವರಣ ಕರ್ಮದ ಕ್ಷಯೋಪಶಮಕ್ಕೆ ತಕ್ಕಂತೆ ತಿಳಿವು ಹೆಚ್ಚುಕಡಿಮೆಯಾಗಬಹುದು, ಪೂರ್ಣವಾಗಿರಲಾರದು. ಮೋಹವನ್ನು ಸಂಪೂರ್ಣವಾಗಿ ಕ್ಷಯಗೊಳಿಸಿ ಹನ್ನೆರಡನೆಯ ಗುಣಸ್ಥಾನವನ್ನು ಮುಟ್ಟಿದ ಮಹಾಮುನಿಯೂ ಇನ್ನೂ ಛದ್ಮಸ್ಥನೇ. ಹಾಗಿರುವಾಗ ಕಚೇರಿಯ ಮೇಜಿನ ಆ ಬದಿಗೆ ಕುಳಿತ ಹಿರಿಯ ಅಧಿಕಾರಿಯು ಸರ್ವಜ್ಞನೆಂದು ಭಾವಿಸುವುದಕ್ಕೆ ಯಾವ ಆಧಾರವೂ ಇಲ್ಲ. ತನ್ನ ಒಳಗಿನ ತಡವರಿಕೆಯನ್ನು ಇತರರ ಹೊರಗಿನ ಗಾಂಭೀರ್ಯದೊಡನೆ ಹೋಲಿಸುವುದೇ ಮೂಲದ ತಪ್ಪು. ಅವರ ತಡವರಿಕೆ ಅವರ ಒಳಗೆ ಇದೆ; ಅದು ಇವನಿಗೆ ಕಾಣುವುದಿಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಗರ್ ಮತ್ತು ಡನಿಂಗ್ 1999ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇಲ್ಲಿ ಸ್ಮರಣೀಯ. ಅವುಗಳಲ್ಲಿ ಅತಿ ಕಡಿಮೆ ಅಂಕ ಪಡೆದವರು ತಮ್ಮ ಸ್ಥಾನವನ್ನು ಬಹಳ ಮೇಲಿನದೆಂದು ತಿಳಿದಿದ್ದರು. ಅತಿ ಹೆಚ್ಚು ಅಂಕ ಪಡೆದವರು ತುಸು ಕೆಳಗಿನದೆಂದು ತಿಳಿದಿದ್ದರು. ಮೇಲಿನವರು ತಪ್ಪಿದ್ದು ಮುಖ್ಯವಾಗಿ ಇತರರನ್ನು ಕುರಿತ ಅಂದಾಜಿನಲ್ಲಿ. ತಮಗೆ ಸುಲಭವಾದದ್ದು ಎಲ್ಲರಿಗೂ ಸುಲಭವೆಂದು ಅವರು ಎಣಿಸಿದ್ದರು. ಈ ಫಲಿತಾಂಶದ ಲೆಕ್ಕಾಚಾರದ ಬಗ್ಗೆ ಮುಂದೆ ಚರ್ಚೆಗಳು ನಡೆದಿವೆಯಾದರೂ, ಬಲ್ಲವನು ತನ್ನ ಬಲ್ಮೆಯನ್ನು ಸಾಮಾನ್ಯವೆಂದು ಕಡೆಗಣಿಸುವುದು ದಿನನಿತ್ಯದ ಅನುಭವ. ಮೂವತ್ತು ವರ್ಷ ಅಡುಗೆ ಮಾಡಿದ ಗೃಹಿಣಿಯನ್ನು ಹೊಗಳಿದರೆ “ಇದರಲ್ಲೇನಿದೆ, ಎಲ್ಲರೂ ಮಾಡುವುದೇ” ಎನ್ನುವುದಿಲ್ಲವೇ?

ಇಂಥ ಸಂದರ್ಭದಲ್ಲಿ ಸ್ಯಾದ್ವಾದ ಉಪಯೋಗಕ್ಕೆ ಬರುತ್ತದೆ. “ನಾನು ಅನರ್ಹ” ಎಂಬುದು ಏಕಾಂತದ ಮಾತು. “ನಾನು ಸಮರ್ಥ” ಎಂಬುದೂ ಏಕಾಂತದ ಮಾತೇ. “ತೆರಿಗೆಯ ಲೆಕ್ಕದಲ್ಲಿ ಪರಿಣತಿಯಿದೆ, ಸಭೆಯಲ್ಲಿ ಮಾತನಾಡುವ ಅಭ್ಯಾಸ ಸಾಲದು, ಹೊಸ ಕಾನೂನಿನ ಈ ಭಾಗವನ್ನು ಇನ್ನೂ ಓದಬೇಕಾಗಿದೆ” ಎಂಬುದು ಅಪೇಕ್ಷೆಯನ್ನು ಗುರುತಿಸಿದ ಮಾತು. ಯಾವುದರಲ್ಲಿ, ಯಾವ ಮಟ್ಟಿಗೆ, ಯಾವ ಕಾಲದಲ್ಲಿ ಎಂದು ಕೇಳಿದೊಡನೆ, ಇಡೀ ಬದುಕಿನ ಮೇಲೆ ಕವಿದಿದ್ದ ಅನರ್ಹತೆಯ ಮೋಡವು ಕಲಿಯಬೇಕಾದ ಮೂರು ನಾಲ್ಕು ವಿಷಯಗಳಾಗಿ ಕೆಳಗಿಳಿಯುತ್ತದೆ.

ನಿಂತ ನೆಲ ಯಾರದು?

ಬಾಹುಬಲಿಯ ಕಥೆಯಲ್ಲಿ ಈ ವಿಷಯಕ್ಕೆ ತೀರ ಸಮೀಪದ ಪ್ರಸಂಗವೊಂದಿದೆ. ಗೆದ್ದ ರಾಜ್ಯವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಅವನಿಗೆ ಕೇವಲಜ್ಞಾನ ದೊರೆಯಲಿಲ್ಲ. ಕನ್ನಡ ನಾಡಿನ ಶ್ರಾವಕರ ಮನೆಗಳಲ್ಲಿ ಹೇಳುವ ಕಥೆಯಂತೆ, ತಾನು ನಿಂತಿರುವ ನೆಲ ಭರತನದು ಎಂಬ ಕೊರಗು ಅವನ ಮನದ ಮೂಲೆಯಲ್ಲಿ ಉಳಿದಿತ್ತು. ಜಿನಸೇನಾಚಾರ್ಯರ ಪುರಾಣದಲ್ಲಿ ಆ ಕೊರಗಿನ ರೂಪ ಬೇರೆ. ತನ್ನಿಂದ ಅಣ್ಣನಿಗೆ ಕ್ಲೇಶವಾಯಿತೆಂಬುದು. ಯಾವ ರೂಪದಲ್ಲಿಯಾದರೂ ಬಳ್ಳಿ ಹಬ್ಬಿದರೂ ಹುತ್ತ ಬೆಳೆದರೂ ಅಲುಗದ ಯೋಗಿಯನ್ನು ಒಂದು ಸೂಕ್ಷ್ಮ ಶಲ್ಯ ತಡೆದಿತ್ತು. ಭರತ ಚಕ್ರವರ್ತಿಯೇ ಬಂದು ನಮಿಸಿ ಪೂಜಿಸಿದಾಗ ಆ ಶಲ್ಯ ಕಳಚಿತು.

ಈ ಕಥೆಯನ್ನು ತ್ಯಾಗದ ದೃಷ್ಟಾಂತವಾಗಿ ಹೇಳುವುದು ರೂಢಿ. ಇದರಲ್ಲಿ ಇನ್ನೊಂದು ಅರ್ಥವೂ ಇದೆ. “ಈ ಸ್ಥಾನ ನನ್ನದಲ್ಲ, ಬೇರೆಯವರ ನೆಲದ ಮೇಲೆ ನಿಂತಿದ್ದೇನೆ” ಎಂಬ ಭಾವವು ಸಾಧನೆಯ ಕೊರತೆಯಿಂದ ಹುಟ್ಟಿದ್ದಲ್ಲ. ಹೆಚ್ಚಿನ ಸಾಧನೆಯಿಂದ ಹೋಗುವಂಥದ್ದೂ ಅಲ್ಲ. ಇನ್ನೊಂದು ವರ್ಷ ನಿಂತಿದ್ದರೂ ಅದು ಅಲ್ಲಿಯೇ ಇರುತ್ತಿತ್ತೋ ಏನೋ. ಯಾರ ನೆಲವೆಂದು ಶಂಕೆಯಿತ್ತೋ ಅವನೇ ಬಂದು ತಲೆಬಾಗಿದಾಗ ಅದು ಹೋಯಿತು. ಸ್ಥಾನದಲ್ಲಿರುವವರು ನಡೆದು ಬಂದು ಆಡಬೇಕಾದ ಮಾತೊಂದಿರುತ್ತದೆ. ಅದನ್ನು ಅವರು ಆಡದಿದ್ದರೆ ಎಷ್ಟೋ ಯೋಗ್ಯರು ನಿಂತಲ್ಲಿಯೇ ಉಳಿದುಬಿಡುತ್ತಾರೆ.

ಇದಕ್ಕೆ ಸಾಮಾಜಿಕವಾದ ಮುಖವೂ ಇದೆ. ಕೆಲವರಲ್ಲಿ ಅಳುಕು ತಾನಾಗಿ ಹುಟ್ಟಿರುವುದಿಲ್ಲ, ಹುಟ್ಟಿಸಲ್ಪಟ್ಟಿರುತ್ತದೆ. ಇಂಗ್ಲಿಷ್ ಉಚ್ಚಾರಣೆಗೆ ನಗುವುದು, ಹಳ್ಳಿಯ ಶಾಲೆಯ ಹೆಸರನ್ನು ಕೇಳಿ ಹುಬ್ಬೇರಿಸುವುದು, ಮಹಿಳೆ ಹೇಳಿದ ಸಲಹೆಯನ್ನೇ ಪುರುಷನು ಪುನಃ ಹೇಳಿದಾಗ ಮೆಚ್ಚುವುದು, ಇವೆಲ್ಲ ದಿನವೂ ನಡೆಯುವಲ್ಲಿ “ಆತ್ಮವಿಶ್ವಾಸ ಬೆಳೆಸಿಕೊಳ್ಳಿ” ಎಂದು ಉಪದೇಶಿಸುವುದು ಅನ್ಯಾಯ. 2021ರ ನಂತರ ಪಾಶ್ಚಾತ್ಯ ಲೇಖಕಿಯರೂ ಈ ಆಕ್ಷೇಪವನ್ನು ಬಲವಾಗಿ ಎತ್ತಿದ್ದಾರೆ. ವ್ಯಕ್ತಿಯನ್ನು ತಿದ್ದುವ ಮೊದಲು ಸ್ಥಳವನ್ನು ತಿದ್ದಬೇಕೆಂಬುದು ಅವರ ವಾದ. ಕವಿ ರನ್ನನು ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು, ಪಂಡಿತರ ವಂಶದವನಲ್ಲ. ಅಜಿತಸೇನಾಚಾರ್ಯರು ಶಿಷ್ಯನೆಂದು ಸ್ವೀಕರಿಸಿದರು, ಚಾವುಂಡರಾಯನೂ ಅತ್ತಿಮಬ್ಬೆಯೂ ಪೋಷಿಸಿದರು. ಬಳೆಗಾರನ ಮಗನು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಅವನ ಕಾವ್ಯದಲ್ಲಿ ಕೇಳಿಬರುವ ದಿಟ್ಟವಾದ ಆತ್ಮಪ್ರಶಂಸೆ ಕೆಲವರಿಗೆ ಅತಿಯೆನಿಸಬಹುದು. ಆದರೆ ಬಾಗಿಲು ತೆರೆದವರಿಲ್ಲದಿದ್ದರೆ ಆ ಪ್ರತಿಭೆಯ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು.

ಆಚರಣೆಯಲ್ಲಿ

ಅಳುಕಿದವನು ಮಾಡಬಹುದಾದ ಮೊದಲ ಕೆಲಸ ಬರೆದಿಡುವುದು. ತಿಂಗಳಿಗೊಮ್ಮೆ ತಾನು ಮಾಡಿ ಮುಗಿಸಿದ ಕೆಲಸಗಳನ್ನು, ಅದರಲ್ಲಿ ತನ್ನ ಪಾಲೆಷ್ಟು, ಇತರರ ಪಾಲೆಷ್ಟು, ಆದ ತಪ್ಪೇನು, ಕಲಿತದ್ದೇನು ಎಂದು ವಿಶೇಷಣಗಳಿಲ್ಲದೆ ದಾಖಲಿಸಬೇಕು. ವ್ಯಾಪಾರದ ಮನೆತನಗಳಿಗೆ ರೋಜುಮೇಳು ಬರೆಯುವುದನ್ನು ಹೇಳಿಕೊಡಬೇಕಾಗಿಲ್ಲ. ಪ್ರತಿಕ್ರಮಣವು ದೋಷಗಳನ್ನು ನೆನೆಯಲು ಕಲಿಸುತ್ತದೆ; ಆದರೆ ದೋಷವನ್ನು ನೆನೆದು, ಪಶ್ಚಾತ್ತಾಪಪಟ್ಟು, ಹಿಂದಿರುಗುವುದು ಅದರ ಉದ್ದೇಶ. ದೋಷದಲ್ಲಿಯೇ ವಾಸಿಸುವುದಲ್ಲ.

ಎರಡನೆಯದು, ನಂಬುಗೆಯ ಒಬ್ಬರ ಮುಂದೆ ಹೇಳಿಕೊಳ್ಳುವುದು. ಗುರುವಿನ ಮುಂದೆ ಆಲೋಚನೆ ಮಾಡುವ ಪದ್ಧತಿಯ ಹಿಂದಿರುವ ವಿವೇಕವೇ ಇಲ್ಲಿಯೂ ಕೆಲಸ ಮಾಡುತ್ತದೆ. ಬಚ್ಚಿಟ್ಟದ್ದು ಬೆಳೆಯುತ್ತದೆ, ಬಿಚ್ಚಿಟ್ಟದ್ದು ತನ್ನ ಅಳತೆಗೆ ಇಳಿಯುತ್ತದೆ. ಕೇಳಿದ ಹಿರಿಯರು “ನನಗೂ ಹಾಗೆಯೇ ಆಗಿತ್ತು” ಎಂದರೆ ಅರ್ಧ ಭಾರ ಅಲ್ಲಿಯೇ ಕಡಿಮೆಯಾಗುತ್ತದೆ.

ಮೂರನೆಯದು, ಅಳುಕು ಹೋಗಲಿ ಎಂದು ಕಾಯದೆ ಕೆಲಸಕ್ಕೆ ಇಳಿಯುವುದು. ಗುಳ್ಳಕಾಯಜ್ಜಿಯ ಐತಿಹ್ಯವನ್ನು ಚಾವುಂಡರಾಯನ ಗರ್ವಭಂಗದ ಕಥೆಯೆಂದು ಎಲ್ಲರೂ ಬಲ್ಲರು. ಅಜ್ಜಿಯ ಕಡೆಯಿಂದ ಅದನ್ನು ನೋಡಿದವರು ಕಡಿಮೆ. ಕೊಡಕೊಡ ಹಾಲು ಸುರಿದ ಆ ಮಹಾಸಭೆಯಲ್ಲಿ ಗುಳ್ಳಕಾಯಿಯ ಪುಟ್ಟ ಓಡಿನೊಡನೆ ಬಂದು ನಿಲ್ಲಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿತ್ತು! ತನ್ನ ಪಾತ್ರೆ ಚಿಕ್ಕದೆಂದು ಅವಳು ಬಲ್ಲಳು. ಚಿಕ್ಕದೆಂದು ಬಲ್ಲದ್ದರಿಂದ ಮನೆಗೆ ಹಿಂದಿರುಗಲಿಲ್ಲ.

ಹಿರಿಯರ ಕರ್ತವ್ಯವೂ ಇಷ್ಟೇ ಮುಖ್ಯ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ ಒಂದು. ಧರ್ಮದಿಂದ ಜಾರುತ್ತಿರುವವರನ್ನು ಹಿಡಿದು ಮತ್ತೆ ನಿಲ್ಲಿಸುವುದು ಅದರ ಮೂಲಾರ್ಥ. ಅದೇ ಭಾವವನ್ನು ದುಡಿಮೆಯ ಸ್ಥಳಕ್ಕೂ ವಿಸ್ತರಿಸಬಹುದು. “ಚೆನ್ನಾಗಿದೆ” ಎಂಬ ಬರಿಯ ಹೊಗಳಿಕೆಯನ್ನು ಅಳುಕಿದವನು ನಂಬುವುದಿಲ್ಲ. “ಮೂರನೆಯ ಪುಟದಲ್ಲಿ ನೀವು ತೋರಿಸಿದ ವ್ಯತ್ಯಾಸದಿಂದ ಈ ನಷ್ಟ ತಪ್ಪಿತು” ಎಂಬ ನಿರ್ದಿಷ್ಟವಾದ ಮಾತನ್ನು ತಳ್ಳಿಹಾಕಲಾರನು. ಹಿರಿಯರೇ ಸಭೆಯಲ್ಲಿ “ಇದು ನನಗೆ ತಿಳಿಯದು, ವಿವರಿಸಿ” ಎಂದು ಕೇಳಿದರೆ, ಕಿರಿಯರು ಅಂಜದೆ ಕೇಳುವುದನ್ನು ಕಲಿಯುತ್ತಾರೆ.

ಒಂದು ಎಚ್ಚರಿಕೆ ಅಗತ್ಯ. ಎಲ್ಲ ಅಳುಕೂ ಮಿಥ್ಯೆಯಲ್ಲ. ಶಸ್ತ್ರಚಿಕಿತ್ಸೆಯ ಅಭ್ಯಾಸ ಸಾಲದ ವೈದ್ಯನಿಗೆ, ಸೇತುವೆಯ ಲೆಕ್ಕದಲ್ಲಿ ಸಂಶಯವಿರುವ ಎಂಜಿನಿಯರಿಗೆ ಅಳುಕು ಇರಲೇಬೇಕು. ಅಲ್ಲಿ ಅದು ಅಹಿಂಸೆಯ ಕಾವಲುಗಾರ. ಗುರುತಿಸುವ ಬಗೆ ಸರಳ. ನಿಜವಾದ ಸಂದೇಹವು ಯಾವುದೋ ಒಂದು ನಿಶ್ಚಿತ ಕೊರತೆಯನ್ನು ತೋರಿಸುತ್ತದೆ, ಕಲಿತಾಗ ಶಾಂತವಾಗುತ್ತದೆ. ಸುಳ್ಳು ಅಳುಕಿಗೆ ಎಷ್ಟು ಪುರಾವೆ ಕೊಟ್ಟರೂ ತೃಪ್ತಿಯಿಲ್ಲ. ಅದು ನಿದ್ದೆ ಕೆಡಿಸುವಷ್ಟು, ಬದುಕು ಬೇಸರವಾಗುವಷ್ಟು ಬೆಳೆದರೆ ಸಂಕೋಚವಿಲ್ಲದೆ ತಜ್ಞ ವೈದ್ಯರನ್ನು ಕಾಣಬೇಕು.

ಇದರ ಪರಿಣಾಮ ಒಬ್ಬ ವ್ಯಕ್ತಿಯ ಸುಖದುಃಖಕ್ಕೆ ಮುಗಿಯುವುದಿಲ್ಲ. ಕಚೇರಿಯಲ್ಲಿ ಬಡ್ತಿಯನ್ನು ನಿರಾಕರಿಸುವವರು, ಬಸದಿಯ ಆಡಳಿತ ಮಂಡಳಿಗೆ ಕರೆದಾಗ “ನನಗೆ ಆ ಯೋಗ್ಯತೆಯಿಲ್ಲ” ಎಂದು ಹಿಂಜರಿಯುವ ಮಹಿಳೆಯರು, ಯುವಕರು ಎಷ್ಟೋ ಮಂದಿ. ಅವರು ಬಿಟ್ಟ ಸ್ಥಾನ ಖಾಲಿ ಉಳಿಯುವುದಿಲ್ಲ. ಯಾವ ಸಂದೇಹವೂ ಇಲ್ಲದವನೊಬ್ಬನು ಅಲ್ಲಿ ಬಂದು ಕುಳಿತುಕೊಳ್ಳುತ್ತಾನೆ. ತನ್ನ ಮಿತಿಯನ್ನು ಬಲ್ಲವರು ಹಿಂದೆ ಸರಿದು, ಬಲ್ಲದವರು ಮುಂದೆ ಬಂದರೆ ಸಂಸ್ಥೆಗೂ ಸಮಾಜಕ್ಕೂ ಆಗುವ ಹಾನಿಗೆ ಹಿಂದೆ ಸರಿದವರೂ ಸ್ವಲ್ಪಮಟ್ಟಿಗೆ ಹೊಣೆ. ಆದುದರಿಂದ ಮುಂದಿನ ಬಾರಿ ಯೋಗ್ಯರೊಬ್ಬರು “ನಾನು ತಕ್ಕವನಲ್ಲ” ಎಂದಾಗ ಅದನ್ನು ವಿನಯವೆಂದು ಮೆಚ್ಚಿ ಕಳುಹಿಸದೆ, “ಯಾವುದರಲ್ಲಿ ತಕ್ಕವರಲ್ಲ, ಹೇಳಿ, ಅದನ್ನು ಕಲಿಯೋಣ” ಎಂದು ಕೂರಿಸಿಕೊಂಡು ಕೇಳುವುದು ಒಳ್ಳೆಯದು.